ಹುದ್ದೆ ಹೋದರೂ ಉಳಿದ ಹೆಸರು: ‘ಪಾಟೀಲ’ ಅಡ್ಡಹೆಸರಿನ ಹಿನ್ನೆಲೆ

ವಿಜಯಪುರ: 2023ರ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ವಿಜಯಪುರ ಜಿಲ್ಲೆಯ 8 ಕ್ಷೇತ್ರಗಳ ಪೈಕಿ 5ರಲ್ಲಿ ಗೆದ್ದವರ ಅಡ್ಡಹೆಸರು ಒಂದೇ: ಪಾಟೀಲ. ಬಬಲೇಶ್ವರದಲ್ಲಿ ಎಂ.ಬಿ. ಪಾಟೀಲ, ಬಸವನ ಬಾಗೇವಾಡಿಯಲ್ಲಿ ಶಿವಾನಂದ ಪಾಟೀಲ, ಇಂಡಿಯಲ್ಲಿ ಯಶವಂತರಾಯಗೌಡ ಪಾಟೀಲ, ದೇವರ ಹಿಪ್ಪರಗಿಯಲ್ಲಿ ರಾಜುಗೌಡ ಪಾಟೀಲ, ವಿಜಯಪುರ ನಗರದಲ್ಲಿ ಬಸನಗೌಡ ಪಾಟೀಲ ಯತ್ನಾಳ. ಮೊದಲ ಮೂವರು ಕಾಂಗ್ರೆಸ್ಸಿನಿಂದ, ನಾಲ್ಕನೆಯವರು ಜನತಾದಳ (ಜಾತ್ಯತೀತ)ದಿಂದ, ಐದನೆಯವರು ಬಿಜೆಪಿಯಿಂದ ಆಯ್ಕೆಯಾದವರು. ಪಕ್ಷ ಯಾವುದೇ ಇರಲಿ, ಹೆಸರು ಮಾತ್ರ ಬದಲಾಗಲಿಲ್ಲ.

ಅದಕ್ಕೂ ಹಿಂದಿನ 2018ರ ಚುನಾವಣೆಯಲ್ಲಿ ಈ ಸಂಖ್ಯೆ 6 ಆಗಿತ್ತು. ಆಗ ಮುದ್ದೇಬಿಹಾಳದಲ್ಲಿ ಎ.ಎಸ್. ಪಾಟೀಲ ನಡಹಳ್ಳಿ ಗೆದ್ದಿದ್ದರು. 2023ರಲ್ಲಿ ಅವರನ್ನು ಸೋಲಿಸಿದವರು ಸಿ.ಎಸ್. ನಾಡಗೌಡ. ಪಾಟೀಲರು ಊರಿಗೆ ಮುಖ್ಯಸ್ಥರಾದರೆ ನಾಡಗೌಡರು ನಾಡಿಗೆ, ಅಂದರೆ ಹಲವು ಊರುಗಳ ಗುಂಪಿಗೆ ಮುಖ್ಯಸ್ಥರು. ಆ ಲೆಕ್ಕದಲ್ಲಿ ನೋಡಿದರೆ ಅಲ್ಲಿಯೂ ಗೆದ್ದದ್ದು ಹಳೆಯ ಹುದ್ದೆಯ ಹೆಸರೇ. ಉಳಿದ ಎರಡು ಕ್ಷೇತ್ರಗಳಲ್ಲಿ ನಾಗಠಾಣ ಪರಿಶಿಷ್ಟ ಜಾತಿಗೆ ಮೀಸಲು. ಸಿಂದಗಿಯಲ್ಲಿ ಗೆದ್ದವರು ಅಶೋಕ ಮನಗೂಳಿ.

ಹೆಸರೊಂದು ಇಷ್ಟು ಪ್ರಬಲವಾಗಿ ಬೇರು ಬಿಟ್ಟಿರುವ ಜಿಲ್ಲೆ ರಾಜ್ಯದಲ್ಲಿ ಬೇರೊಂದು ಸಿಗುವುದು ಕಷ್ಟ. ಆದರೆ ‘ಪಾಟೀಲ’ ಎಂಬುದು ಮೂಲದಲ್ಲಿ ಕುಲದ ಹೆಸರಲ್ಲ, ಊರಿನ ಹೆಸರೂ ಅಲ್ಲ. ಅದೊಂದು ಸರಕಾರಿ ಕೆಲಸದ ಹೆಸರು.

ಶಬ್ದದ ಮೂಲ

10 ಮತ್ತು 11ನೇ ಶತಮಾನಗಳಲ್ಲಿ ಮಾಳವವನ್ನು ಆಳಿದ ಪರಮಾರ ಅರಸರಾದ ವಾಕ್ಪತಿ ಮುಂಜ, ಭೋಜ ಮೊದಲಾದವರ ತಾಮ್ರಶಾಸನಗಳಲ್ಲಿ ‘ಪಟ್ಟಕಿಲ’ ಎಂಬ ಶಬ್ದ ಬರುತ್ತದೆ. ದಾನ ನೀಡಿದ ಊರಿನ ನಿವಾಸಿಗಳನ್ನು ಸಂಬೋಧಿಸುವಾಗ ಪಟ್ಟಕಿಲನನ್ನೂ ಜನರನ್ನೂ ಉದ್ದೇಶಿಸಿ ಅರಸ ತನ್ನ ಆಜ್ಞೆಯನ್ನು ತಿಳಿಸುತ್ತಾನೆ. ಈ ಪಟ್ಟಕಿಲನೇ ಊರಿನ ಮುಖ್ಯಸ್ಥ. ಮರಾಠಿಯ ‘ಪಾಟೀಲ’, ಗುಜರಾತಿನ ‘ಪಟೇಲ’ ಎರಡೂ ಇದೇ ಶಬ್ದದ ಕವಲುಗಳು. ಹಳೆಯ ಮೈಸೂರು ಸೀಮೆಗೂ ಕರಾವಳಿಗೂ ಬಂದದ್ದು ‘ಪಟೇಲ’ ರೂಪ; 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರ ಹೆಸರಿನಲ್ಲಿ ಇರುವುದು ಅದೇ. ಮರಾಠಿ ಆಡಳಿತಕ್ಕೆ ಒಳಪಟ್ಟಿದ್ದ ವಿಜಯಪುರ, ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ‘ಪಾಟೀಲ’ ನೆಲೆಯೂರಿತು.

ಹಾಗಾದರೆ ಪಾಟೀಲರು ಬರುವ ಮೊದಲು ಇಲ್ಲಿ ಊರ ಮುಖ್ಯಸ್ಥರು ಇರಲಿಲ್ಲವೇ? ಇದ್ದರು. ಕನ್ನಡ ಶಾಸನಗಳು ಅವರನ್ನು ‘ಗಾವುಂಡ’, ‘ಗಾಮುಂಡ’ ಎಂದು ಕರೆದಿವೆ. ಇಂದಿನ ‘ಗೌಡ’ ಅದರಿಂದಲೇ ಬಂದುದು. ಆದಿಲಶಾಹಿ ಕಾಲದಲ್ಲಿ ಅದೇ ವ್ಯಕ್ತಿಗೆ ‘ಮೊಕದ್ದಮ’ ಎಂಬ ಮೂರನೆಯ ಹೆಸರೂ ಸೇರಿತು. ಅರಸೊತ್ತಿಗೆ ಬದಲಾದಂತೆ ದಫ್ತರದ ಭಾಷೆ ಬದಲಾಯಿತು, ದಫ್ತರದ ಭಾಷೆ ಬದಲಾದಂತೆ ಹುದ್ದೆಯ ಹೆಸರು ಬದಲಾಯಿತು. ಹುದ್ದೆಯಲ್ಲಿ ಕುಳಿತ ಮನೆತನ ಹೆಚ್ಚಾಗಿ ಅದೇ ಉಳಿಯಿತು.

ಇದರ ಕುರುಹನ್ನು ಇಂದಿನ ಹೆಸರುಗಳಲ್ಲಿಯೇ ಕಾಣಬಹುದು. ಬಸನಗೌಡ ಪಾಟೀಲ, ಯಶವಂತರಾಯಗೌಡ ಪಾಟೀಲ ಎನ್ನುವಾಗ ಒಂದೇ ಹುದ್ದೆಯನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದಂತಾಗುತ್ತದೆ. ಹೆಸರಿನ ಕೊನೆಯ ‘ಗೌಡ’ ಕನ್ನಡದ್ದು, ಅಡ್ಡಹೆಸರಿನ ‘ಪಾಟೀಲ’ ಮರಾಠಿ ದಫ್ತರದ್ದು. ಊರಿನಲ್ಲಿ ಜನ ಇಂದಿಗೂ ಕರೆಯುವುದು ‘ಗೌಡ್ರ’ ಎಂದೇ. ಕಾಗದದಲ್ಲಿ ಬರೆಯುವುದು ಪಾಟೀಲ ಎಂದು. ಅಂದ ಹಾಗೆ, ಬೆಂಗಳೂರಿನ ಪತ್ರಿಕೆಗಳು ಇದನ್ನು ‘ಪಾಟೀಲ್’ ಎಂದು ಅರೆಯಾಗಿ ಕತ್ತರಿಸಿ ಬರೆಯುವುದುಂಟು. ಈ ಭಾಗದವರ ಬಾಯಲ್ಲಿ ಅದು ಪೂರ್ಣ ಅಕಾರಾಂತವಾದ ‘ಪಾಟೀಲ’.

ಹುದ್ದೆಯ ಹೆಸರು ಮನೆತನದ ಹೆಸರಾಗುವುದು ಇಲ್ಲಿನ ವಿಶೇಷವೇನೂ ಅಲ್ಲ. ಸ್ಪೇನ್ ದೇಶದಲ್ಲಿ ‘ಅಲ್ಕಾಲ್ದೆ’ ಎಂದರೆ ಊರಿನ ಮುಖ್ಯಸ್ಥ. ಅದೇ ಅಲ್ಲಿ ಅಡ್ಡಹೆಸರೂ ಹೌದು. ಅದರ ಮೂಲ ಅರಬ್ಬಿಯ ‘ಅಲ್-ಖಾದಿ’, ಅಂದರೆ ನ್ಯಾಯಾಧೀಶ. ವಿಜಯಪುರದ ಮುಸ್ಲಿಂ ಮನೆತನಗಳಲ್ಲಿ ಕಂಡುಬರುವ ‘ಖಾಜಿ’ ಎಂಬ ಹೆಸರು ಅದೇ ಅರಬ್ಬಿ ಶಬ್ದದ್ದು. ಒಂದು ಶಬ್ದ ಪಶ್ಚಿಮಕ್ಕೆ ಹೋಗಿ ಸ್ಪೇನಿನಲ್ಲಿ ನೆಲೆಸಿತು, ಪೂರ್ವಕ್ಕೆ ಬಂದು ಗೋಳಗುಮ್ಮಟದ ನೆರಳಿನಲ್ಲಿ ನೆಲೆಸಿತು.

ಪಾಟೀಲನ ಕೆಲಸವೇನು?

ಊರಿನ ಕಂದಾಯ ವಸೂಲಿ ಮಾಡಿ ಸರಕಾರಕ್ಕೆ ಮುಟ್ಟಿಸುವುದು, ಶಾಂತಿ ಕಾಪಾಡುವುದು, ಜಗಳ ಬಗೆಹರಿಸುವುದು, ಬಂದ ಅಧಿಕಾರಿಗಳ ವ್ಯವಸ್ಥೆ ನೋಡಿಕೊಳ್ಳುವುದು ಪಾಟೀಲನ ಹೊಣೆ. ಲೆಕ್ಕಪತ್ರ ಕುಲಕರ್ಣಿಯದು. ಚಾವಡಿಯಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರೂ ಒಬ್ಬರ ಕೈಯಲ್ಲಿ ಅಧಿಕಾರ, ಇನ್ನೊಬ್ಬರ ಕೈಯಲ್ಲಿ ಕಾಗದ. ಇವರ ಕೆಳಗೆ ತಳವಾರ, ವಾಲೀಕಾರ ಮೊದಲಾದ ಸೇವಕರು. ಈ ಎಲ್ಲ ಹುದ್ದೆಗಳೂ ಇಂದು ವಿಜಯಪುರ ಜಿಲ್ಲೆಯಲ್ಲಿ ಅಡ್ಡಹೆಸರುಗಳಾಗಿ ಉಳಿದಿವೆ. ತಿಕೋಟಾ, ಬಬಲೇಶ್ವರ ಕಡೆಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೂ ಹಳೆಯ ಕಾಲದ ಗ್ರಾಮಾಡಳಿತವೇ ಸಾಲಾಗಿ ಕುಳಿತಂತೆ ಕಾಣುತ್ತದೆ.

ಪಾಟೀಲನಿಗೆ ಸಂಬಳವಿರಲಿಲ್ಲ. ಅದರ ಬದಲು ವತನ, ಅಂದರೆ ವಂಶಪಾರಂಪರ್ಯವಾಗಿ ಬರುವ ಜಮೀನು ಮತ್ತು ಹಕ್ಕು. ಜೊತೆಗೆ ಮಾನಪಾನ: ವೀಳ್ಯ ಮೊದಲು ಗೌಡರಿಗೆ, ಕಾರಹುಣ್ಣಿಮೆಯ ಕರಿ ಹರಿಯುವಾಗ ಗೌಡರ ಎತ್ತುಗಳಿಗೆ ವಿಶೇಷ ಗೌರವ. ಜಮೀನಿಗಿಂತ ಈ ಮಾನಪಾನಕ್ಕಾಗಿಯೇ ಅಣ್ಣತಮ್ಮಂದಿರು ಕೋರ್ಟು ಹತ್ತಿದ ಊರುಗಳಿವೆ.

ಬ್ರಿಟಿಷರು 1818ರ ನಂತರ ಈ ವ್ಯವಸ್ಥೆಯನ್ನು ಕಿತ್ತುಹಾಕಲಿಲ್ಲ, ಕಾನೂನಿನ ಚೌಕಟ್ಟಿಗೆ ತಂದರು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಪೊಲೀಸ್ ಪಾಟೀಲನ ಅಧಿಕಾರವನ್ನು ನಿಗದಿ ಮಾಡಿತು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ವತನದಾರರ ಹಕ್ಕನ್ನು ದಾಖಲಿಸಿತು. ಕಂದಾಯದ ಕೆಲಸ ನೋಡುವವ ಮುಲ್ಕಿ ಪಾಟೀಲ, ಶಾಂತಿಪಾಲನೆ ನೋಡುವವ ಪೊಲೀಸ್ ಪಾಟೀಲ. ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ರಾಯಚೂರು ಕಡೆ ಮುಲ್ಕಿಗೆ ಬದಲಾಗಿ ‘ಮಾಲಿ ಪಾಟೀಲ’ ಎನ್ನುತ್ತಿದ್ದರು. ‘ಮಾಲ್’ ಎಂದರೆ ಕಂದಾಯ. ತೋಟದ ಮಾಲಿಗೂ ಇದಕ್ಕೂ ಸಂಬಂಧವಿಲ್ಲ. ಮಾಲಿಪಾಟೀಲ, ಪೊಲೀಸಪಾಟೀಲ ಎಂಬ ಅಡ್ಡಹೆಸರುಗಳು ಆ ಭಾಗದಲ್ಲಿ ಇಂದಿಗೂ ಚಾಲ್ತಿಯಲ್ಲಿವೆ.

ಒಂದು ಊರಿಗೆ ಕೆಲಸ ಮಾಡುವ ಪಾಟೀಲ ಒಬ್ಬ ಇಲ್ಲವೇ ಇಬ್ಬರು. ಆದರೆ ವತನದಲ್ಲಿ ಪಾಲು ಇದ್ದ ಭಾವುಬಂದರೆಲ್ಲರೂ ಅದೇ ಹೆಸರು ಬರೆಸಿಕೊಂಡರು. ಹಾಗಾಗಿ ಹೆಸರು ಹತ್ತು ಮನೆಗೆ, ಮುಂದೆ ನೂರು ಮನೆಗೆ ಹಬ್ಬಿತು. ಜಮೀನು ಮಾತ್ರ ತುಂಡಾಗುತ್ತ ಹೋಯಿತು. ಪಾಟೀಲ ಎಂದ ಮಾತ್ರಕ್ಕೆ ವಾಡೆಯೂ ನೂರಾರು ಎಕರೆಯೂ ಇರುತ್ತವೆ ಎಂಬುದು ಸಿನಿಮಾದ ಕಲ್ಪನೆ. ಎರಡು ಎಕರೆ ಒಣಬೇಸಾಯ ನಂಬಿ, ಮಳೆ ಕೈಕೊಟ್ಟ ವರ್ಷ ದುಡಿಯಲು ಹೊರನಾಡಿಗೆ ಹೋಗುವ ಪಾಟೀಲರೂ ಇದೇ ಜಿಲ್ಲೆಯವರು.

ಹೆಸರು ಜಾತಿಸೂಚಕವೂ ಅಲ್ಲ. ಲಿಂಗಾಯತರಲ್ಲಿ ಹೆಚ್ಚಾಗಿ ಕಂಡರೂ ಜೈನರು, ಮರಾಠರು, ರಡ್ಡಿಗಳು, ಕುರುಬರು, ಮುಸ್ಲಿಮರು, ಬ್ರಾಹ್ಮಣರಲ್ಲಿಯೂ ಪಾಟೀಲರಿದ್ದಾರೆ. ಊರಿನಲ್ಲಿ ಯಾವ ಮನೆತನಕ್ಕೆ ವತನವಿತ್ತೋ ಅದು ಪಾಟೀಲ ಮನೆತನ, ಅಷ್ಟೆ.

1963ರ ಫೆಬ್ರವರಿ 1

ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಅಂಗೀಕಾರಗೊಂಡು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಅಂದಿಗೆ ರಾಜ್ಯದಲ್ಲಿ ವಂಶಪಾರಂಪರ್ಯದ ಪಾಟೀಲ, ಪಟೇಲ, ಕುಲಕರ್ಣಿ, ಶ್ಯಾನುಭೋಗ, ತಳವಾರ, ವಾಲೀಕಾರ ಹುದ್ದೆಗಳೆಲ್ಲ ಮುಗಿದವು. ಅವುಗಳ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗ ಬಂದ. ಈಗಿನ ಗ್ರಾಮ ಆಡಳಿತಾಧಿಕಾರಿ ಅವನ ಉತ್ತರಾಧಿಕಾರಿ. ವತನದ ಜಮೀನುಗಳನ್ನು ಸರಕಾರ ಒಮ್ಮೆ ತನ್ನ ವಶಕ್ಕೆ ತೆಗೆದುಕೊಂಡು, ನಿಗದಿತ ಹಣ ಕಟ್ಟಿಸಿಕೊಂಡು ಹಿಂದಿನ ವತನದಾರರಿಗೆ ಮರುಮಂಜೂರು ಮಾಡಿತು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ಒಡೆತನ ನೀಡಿದ್ದರಿಂದ ದೊಡ್ಡ ಹಿಡುವಳಿಗಳು ಮತ್ತಷ್ಟು ಕರಗಿದವು.

ಹುದ್ದೆಯ ಹೆಸರು ಅಡ್ಡಹೆಸರಾಗಿ ಉಳಿದದ್ದರ ಪರಿಣಾಮ ಎಲ್ಲರಿಗೂ ಒಂದೇ ರೀತಿ ಆಗಲಿಲ್ಲ. ಪಾಟೀಲರಿಗೆ ಅದು ಗೌರವವಾಗಿ ಉಳಿಯಿತು. ತಳವಾರರಿಗೆ ಅದು ಪ್ರಶ್ನೆಯಾಗಿ ಉಳಿಯಿತು. 2020ರಲ್ಲಿ ಸಂಸತ್ತು ‘ಪರಿವಾರ’ ಮತ್ತು ‘ತಳವಾರ’ ಹೆಸರುಗಳನ್ನು ನಾಯಕ ಪಂಗಡದ ಪರ್ಯಾಯ ಹೆಸರುಗಳೆಂದು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಆಗ ವಿಜಯಪುರ, ಕಲಬುರಗಿ ಭಾಗದಲ್ಲಿ ಎದ್ದ ವಿವಾದ ಇದು: ತಳವಾರ ಎಂಬುದು ಜಾತಿಯೇ, ಅಥವಾ ಬೇರೆ ಬೇರೆ ಜಾತಿಯವರು ಮಾಡುತ್ತಿದ್ದ ಊರಗಾವಲಿನ ಹುದ್ದೆಯೇ? ಪ್ರಮಾಣಪತ್ರ ಬೇಕೆಂದು ಹೋರಾಟ, ಕೊಡಬಾರದೆಂದು ಆಕ್ಷೇಪ ಎರಡೂ ನಡೆದವು. ಒಂದೇ ಚಾವಡಿಯಿಂದ ಹೊರಟ ಎರಡು ಹೆಸರುಗಳಲ್ಲಿ ಒಂದು ವಿಧಾನಸೌಧದ ದಾರಿ ಹಿಡಿಯಿತು, ಇನ್ನೊಂದು ತಹಶೀಲ್ದಾರ ಕಚೇರಿಯ ಕಿಟಕಿಯ ಮುಂದೆ ನಿಂತಿತು.

ತಿಕೋಟಾದಿಂದ ಬಬಲೇಶ್ವರಕ್ಕೆ

ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ಹೋದರೆ ತಿಕೋಟಾ, ಜಮಖಂಡಿ ರಸ್ತೆಯಲ್ಲಿ ಹೋದರೆ ಬಬಲೇಶ್ವರ. ಎರಡೂ 2018ರಲ್ಲಿ ತಾಲ್ಲೂಕು ಕೇಂದ್ರಗಳಾದವು. ವಿಧಾನಸಭಾ ಕ್ಷೇತ್ರಕ್ಕೆ 2008ರ ಮೊದಲು ತಿಕೋಟಾದ ಹೆಸರಿತ್ತು. ಕ್ಷೇತ್ರ ಮರುವಿಂಗಡಣೆಯ ನಂತರ ಅದು ಬಬಲೇಶ್ವರವಾಯಿತು.

ಈ ನೆಲದ ಪಾಟೀಲರ ಪೈಕಿ ಮೊದಲು ನೆನಪಾಗುವವರು ಬಿ.ಎಂ. ಪಾಟೀಲ. ತಿಕೋಟಾದ ಶಾಸಕರಾಗಿದ್ದ ಅವರ ಹೆಸರು ಇಂದು ರಾಜಕೀಯಕ್ಕಿಂತ ಶಿಕ್ಷಣದ ಕಾರಣಕ್ಕೆ ಹೆಚ್ಚು ಉಳಿದಿದೆ. 1910ರಲ್ಲಿ ಆರಂಭವಾದ, ವಚನ ಪಿತಾಮಹ ಫ.ಗು. ಹಳಕಟ್ಟಿಯವರು ದುಡಿದ ಬಿ.ಎಲ್.ಡಿ.ಇ. ಸಂಸ್ಥೆ 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಆ ಕಾಲೇಜು ಮತ್ತು ಆಸ್ಪತ್ರೆ ಈಗ ಬಿ.ಎಂ. ಪಾಟೀಲರ ಹೆಸರಿನಲ್ಲಿವೆ.

ಅವರ ನಿಧನದ ನಂತರ 1991ರ ಉಪಚುನಾವಣೆಯಲ್ಲಿ ಮಗ ಎಂ.ಬಿ. ಪಾಟೀಲ ತಿಕೋಟಾದಿಂದ ವಿಧಾನಸಭೆ ಪ್ರವೇಶಿಸಿದರು. 1998ರಲ್ಲಿ ವಿಜಾಪುರ ಲೋಕಸಭಾ ಕ್ಷೇತ್ರದಿಂದ ಸಂಸದರಾದರು, ಮುಂದೆ ಬಬಲೇಶ್ವರದ ಶಾಸಕರಾದರು. 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದ ಅವಧಿ ಬರಪೀಡಿತ ಈ ಜಿಲ್ಲೆಗೆ ಮಹತ್ವದ್ದು. ತುಬಚಿ-ಬಬಲೇಶ್ವರ ಏತ ನೀರಾವರಿ, ಕೆರೆ ತುಂಬುವ ಯೋಜನೆಗಳು ಆ ಕಾಲದಲ್ಲಿ ವೇಗ ಪಡೆದವು. ನಂತರ ಅಲ್ಪಕಾಲ ಗೃಹ ಸಚಿವರಾಗಿದ್ದರು. 2023ರಲ್ಲಿ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಾದರು. 2018 ಮತ್ತು 2023ರಲ್ಲಿ ಬಬಲೇಶ್ವರದಲ್ಲಿ ಅವರ ಎದುರು ಬಿಜೆಪಿಯಿಂದ ನಿಂತವರು ವಿಜುಗೌಡ ಪಾಟೀಲ. ಯಾರೇ ಗೆದ್ದರೂ ಪಾಟೀಲರೇ ಶಾಸಕರು ಎಂಬುದು ಮತದಾರರಿಗೆ ಮೊದಲೇ ಗೊತ್ತಿತ್ತು.

2004ರಲ್ಲಿ ಬಸವನ ಬಾಗೇವಾಡಿಗೆ ಹೋಗುವ ಮೊದಲು ಶಿವಾನಂದ ಪಾಟೀಲರೂ ತಿಕೋಟಾದ ಶಾಸಕರೇ. 2018ರ ಸಮ್ಮಿಶ್ರ ಸರಕಾರದಲ್ಲಿ ಆರೋಗ್ಯ ಸಚಿವರಾಗಿದ್ದ ಅವರು 2023ರಲ್ಲಿ ಜವಳಿ, ಸಕ್ಕರೆ ಮತ್ತು ಕೃಷಿ ಮಾರುಕಟ್ಟೆ ಖಾತೆಗಳನ್ನು ಪಡೆದರು.

ವಿಜಯಪುರ ನಗರದ ಬಸನಗೌಡ ಪಾಟೀಲ ಯತ್ನಾಳರದು ಬೇರೆಯೇ ಬಗೆಯ ಹಾದಿ. 1994ರಲ್ಲಿ ವಿಜಾಪುರದ ಶಾಸಕ, 1999 ಮತ್ತು 2004ರಲ್ಲಿ ಸಂಸದ, ವಾಜಪೇಯಿ ಸಂಪುಟದಲ್ಲಿ ಮೊದಲು ಜವಳಿ, ನಂತರ ರೈಲ್ವೆ ರಾಜ್ಯ ಸಚಿವ. 2015ರಲ್ಲಿ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಗೆದ್ದರು. 2018 ಮತ್ತು 2023ರಲ್ಲಿ ನಗರದ ಶಾಸಕರಾದರು. 2025ರ ಮಾರ್ಚ್‌ನಲ್ಲಿ ಬಿಜೆಪಿ ಅವರನ್ನು 6 ವರ್ಷಗಳ ಅವಧಿಗೆ ಉಚ್ಚಾಟಿಸಿತು. ಒಂದೇ ಹೆಸರಿನವರ ವಿಚಾರ ಒಂದೇ ಆಗಿರಬೇಕಿಲ್ಲ ಎಂಬುದಕ್ಕೆ ಎಂ.ಬಿ. ಪಾಟೀಲ ಮತ್ತು ಯತ್ನಾಳರೇ ಉದಾಹರಣೆ: ಒಬ್ಬರು 2017-18ರ ಪ್ರತ್ಯೇಕ ಲಿಂಗಾಯತ ಧರ್ಮದ ಹೋರಾಟದ ಮುಂಚೂಣಿಯಲ್ಲಿದ್ದರೆ, ಇನ್ನೊಬ್ಬರು 2021ರ ಪಂಚಮಸಾಲಿ 2ಎ ಮೀಸಲಾತಿ ಹೋರಾಟದಲ್ಲಿ ಮುಂದೆ ನಿಂತರು.

2009ರಿಂದ ವಿಜಯಪುರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಂದಿನಿಂದ ಆಯ್ಕೆಯಾಗುತ್ತ ಬಂದವರು ರಮೇಶ ಜಿಗಜಿಣಗಿ. 1998ರಿಂದ ಬೆನ್ನುಬೆನ್ನಿಗೆ ಪಾಟೀಲರನ್ನೇ ದಿಲ್ಲಿಗೆ ಕಳಿಸಿದ್ದ ಕ್ಷೇತ್ರದಲ್ಲಿ ಆ ಸಾಲು ಅಲ್ಲಿಗೆ ನಿಂತಿತು. ಮೇಲೆ ಹೇಳಿದ ಪಟ್ಟಿಗಳಲ್ಲಿ, 2018ರ ಆರು ಮತ್ತು 2023ರ ಐದು ಮಂದಿಯಲ್ಲಿ, ಒಬ್ಬ ಮಹಿಳೆಯೂ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಅಜ್ಜನ ಹೆಸರು ಮೊಮ್ಮಗನಿಗೆ

ಮುಂಬಯಿ ಪ್ರಾಂತ್ಯದ ಪದ್ಧತಿಯಂತೆ ಇಲ್ಲಿ ಮೊದಲು ಸ್ವಂತ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯೂ ಉಂಟು. ಎರಡೂ ಕೂಡಿದಾಗ ತಂದೆ-ಮಗನ ಇನಿಷಿಯಲ್ಲುಗಳು ತಿರುವುಮುರುವಾಗುತ್ತವೆ. ತಂದೆ ಬಸನಗೌಡ ಮಲ್ಲನಗೌಡ, ಅಂದರೆ ಬಿ.ಎಂ.; ಮಗ ಮಲ್ಲನಗೌಡ ಬಸನಗೌಡ, ಅಂದರೆ ಎಂ.ಬಿ. ಗದಗ ಸೀಮೆಯಲ್ಲಿ ‘ಹುಲಕೋಟಿಯ ಹುಲಿ’ ಎಂದು ಹೆಸರಾಗಿದ್ದ ಸಹಕಾರಿ ಧುರೀಣ ಕೆ.ಎಚ್. ಪಾಟೀಲ ಮತ್ತು 2023ರಲ್ಲಿ ಕಾನೂನು ಸಚಿವರಾದ ಅವರ ಮಗ ಎಚ್.ಕೆ. ಪಾಟೀಲರದೂ ಇದೇ ಲೆಕ್ಕ.

ಹೀಗಾದಾಗ ಗುರುತಿಸುವುದು ಹೇಗೆ? ಜನ ಊರ ಹೆಸರು ಹಚ್ಚಿದರು. ಯತ್ನಾಳ, ನಡಹಳ್ಳಿ, ಸಾಸನೂರ, ಕುದರಿ ಸಾಲವಾಡಗಿ ಎಲ್ಲ ಪಾಟೀಲರಿಗೆ ಅಂಟಿದ ಊರುಗಳು. ದೇವರ ಹಿಪ್ಪರಗಿಯಲ್ಲಿ 2018ರಲ್ಲಿ ಗೆದ್ದವರು ಸೋಮನಗೌಡ ಪಾಟೀಲ ಸಾಸನೂರ. ಯತ್ನಾಳರ ವಿಷಯದಲ್ಲಿಯಂತೂ ಬಾಲ ಬೆಳೆದು ಹೆಸರನ್ನೇ ನುಂಗಿದೆ. ರಾಜ್ಯದ ಬೇರೆ ಭಾಗಗಳ ಅನೇಕರಿಗೆ ಅವರು ಪಾಟೀಲರು ಎಂಬುದೇ ನೆನಪಿರುವುದಿಲ್ಲ.

ಚುನಾವಣಾ ಕಾನೂನಿಗೂ ಈ ತೊಡಕು ಗೊತ್ತು. ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆಗಿದ್ದರೆ ಉದ್ಯೋಗ ಅಥವಾ ವಾಸಸ್ಥಳ ಸೇರಿಸಿ ಬೇರ್ಪಡಿಸಬೇಕೆಂದು 1961ರ ಚುನಾವಣಾ ನಿಯಮಗಳು ಹೇಳುತ್ತವೆ. ಸಮಾನ ಹೆಸರಿನ ಗೊಂದಲ ತಪ್ಪಿಸಲೆಂದೇ 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರ ಬಂದಿತು. ಜಮೀನಿನ ಪಹಣಿಯಲ್ಲಿ ಮಾತ್ರ ದೀರ್ಘಕಾಲ ಭಾವಚಿತ್ರವೂ ಇಲ್ಲ, ಊರ ಬಾಲವೂ ಇಲ್ಲ. ಒಂದೇ ಊರಿನಲ್ಲಿ ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಅಡ್ಡಹೆಸರಿನ ಇಬ್ಬರಿದ್ದರೆ ಬೆಳೆ ಪರಿಹಾರದ ಹಣದಿಂದ ವಾರಸಾದ ನೋಂದಣಿಯವರೆಗೆ ಎಲ್ಲವೂ ಗೋಜಲು. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ಕೈಗೊಂಡಾಗ ಇಂಥವರಿಗೆ ಒಂದು ದಾರಿ ಸಿಕ್ಕಿತು.

ರಾಜ್ಯದ ಇತರ ಪಾಟೀಲರು

ಮುಖ್ಯಮಂತ್ರಿ ಹುದ್ದೆಗೇರಿದ ಪಾಟೀಲರು ಒಬ್ಬರೇ: ವೀರೇಂದ್ರ ಪಾಟೀಲ (1924-1997). ಚಿಂಚೋಳಿಯ ಅವರು 1968ರಿಂದ 1971ರವರೆಗೆ, ಮತ್ತೆ 1989-90ರಲ್ಲಿ ರಾಜ್ಯವಾಳಿದರು. ರಾಜಕೀಯದ ಬಲಭೂಮಿ ಎನಿಸಿದ ವಿಜಯಪುರದ ಪಾಟೀಲರಿಗೆ ಆ ಕುರ್ಚಿ ದಕ್ಕಿಲ್ಲ.

ಸಾಹಿತ್ಯ, ಪತ್ರಿಕೋದ್ಯಮದಲ್ಲಿ ಇಬ್ಬರು ಪಾಟೀಲರು ಉತ್ತರ ಕರ್ನಾಟಕದ ದನಿಯಾಗಿದ್ದರು. ‘ಪ್ರಪಂಚ’ ವಾರಪತ್ರಿಕೆಯನ್ನು ಕಟ್ಟಿದ ಪಾಟೀಲ ಪುಟ್ಟಪ್ಪ ರಾಜ್ಯಸಭಾ ಸದಸ್ಯರಾಗಿದ್ದರು. 2003ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2020ರ ಮಾರ್ಚ್ 16ರಂದು ನಿಧನರಾದರು. ಅಡ್ಡಹೆಸರನ್ನು ಮುಂದಿಟ್ಟು ಸ್ವಂತ ಹೆಸರನ್ನು ಹಿಂದಿಟ್ಟವರು ಅವರು. ಆದರೆ ಜನರಿಗೆ ‘ಪಾಪು’. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ‘ಸಂಕ್ರಮಣ’ ಪತ್ರಿಕೆ ನಡೆಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದ ಅವರು 2017ರ ಮೈಸೂರು ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದ್ದರು. 2022ರ ಜನವರಿ 10ರಂದು ತೀರಿಕೊಂಡರು. ಅವರೂ ಜನರಿಗೆ ‘ಚಂಪಾ’. ಇಬ್ಬರೂ ಪಾಟೀಲಕಿಯನ್ನು ಎರಡು ಅಕ್ಷರದಲ್ಲಿ ಅಡಗಿಸಿಬಿಟ್ಟರು.

ಹಿರೇಕೆರೂರಿನ ಬಿ.ಸಿ. ಪಾಟೀಲರದು ಇನ್ನೊಂದು ಬಗೆ. ಪೊಲೀಸ್ ಅಧಿಕಾರಿಯಾಗಿದ್ದು ಸಿನಿಮಾಕ್ಕೆ ಬಂದು, ‘ಕೌರವ’ ಚಿತ್ರದಿಂದ ಹೆಸರಾಗಿ, ಶಾಸಕರೂ ಕೃಷಿ ಸಚಿವರೂ ಆದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, 2011ರಲ್ಲಿ ಕೆಲಕಾಲ ಲೋಕಾಯುಕ್ತರಾಗಿದ್ದ ಶಿವರಾಜ ಪಾಟೀಲರನ್ನು, 1991ರಿಂದ 1996ರವರೆಗೆ ಲೋಕಸಭೆಯ ಸಭಾಧ್ಯಕ್ಷರೂ ಮುಂದೆ ಕೇಂದ್ರ ಗೃಹ ಸಚಿವರೂ ಆಗಿದ್ದ ಲಾತೂರಿನ ಶಿವರಾಜ ಪಾಟೀಲರೊಂದಿಗೆ ಬೆರೆಸಬಾರದು.

ಗಡಿಯಾಚೆ

ಮಹಾರಾಷ್ಟ್ರದಲ್ಲಿ ಪಾಟೀಲರ ಸಂಖ್ಯೆ ಇನ್ನೂ ದೊಡ್ಡದು. ಸಾಂಗಲಿಯ ವಸಂತದಾದಾ ಪಾಟೀಲ ಅಲ್ಲಿನ ಮುಖ್ಯಮಂತ್ರಿಯಾಗಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಸಾತಾರಾ ಸೀಮೆಯ ಪ್ರತಿಸರಕಾರ ನಡೆಸಿದ ನಾನಾ ಪಾಟೀಲ, 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿ ಬಡಮಕ್ಕಳಿಗೆ ಶಾಲೆ ತೆರೆದ ಜೈನ ಮನೆತನದ ಭಾವುರಾವ ಪಾಟೀಲ ಇಬ್ಬರೂ ಕೃಷ್ಣಾ ತೀರದ ಈ ಕಡೆಗೂ ಪರಿಚಿತರು. 2007ರಿಂದ 2012ರವರೆಗೆ ರಾಷ್ಟ್ರಪತಿಯಾಗಿದ್ದ ಪ್ರತಿಭಾ ಪಾಟೀಲ ಮದುವೆಯ ನಂತರವೂ ತವರಿನ ಅಡ್ಡಹೆಸರನ್ನು ಉಳಿಸಿಕೊಂಡವರು. 1983ರ ವಿಶ್ವಕಪ್ ತಂಡದಲ್ಲಿದ್ದ ಸಂದೀಪ ಪಾಟೀಲ, 1982ರ ಮ್ಯಾಂಚೆಸ್ಟರ್ ಟೆಸ್ಟಿನಲ್ಲಿ ಬಾಬ್ ವಿಲ್ಲಿಸ್ ಅವರ ಒಂದೇ ಓವರಿನಲ್ಲಿ 6 ಬೌಂಡರಿ ಹೊಡೆದದ್ದು ಹಳೆಯ ಕ್ರಿಕೆಟ್ ಪ್ರೇಮಿಗಳಿಗೆ ನೆನಪಿರಬಹುದು. ನಟಿ ಸ್ಮಿತಾ ಪಾಟೀಲ (1955-1986) ಕನ್ನಡಕ್ಕೂ ಬಂದಿದ್ದರು, ಟಿ.ಎಸ್. ನಾಗಾಭರಣ ನಿರ್ದೇಶಿಸಿದ 1983ರ ‘ಅನ್ವೇಷಣೆ’ಯಲ್ಲಿ ಅವರು ಅಭಿನಯಿಸಿದ್ದಾರೆ.

ವಿಜಯಪುರ ಜಿಲ್ಲೆಯ ಪಶ್ಚಿಮ ಗಡಿ ದಾಟಿದರೆ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು. ಅಲ್ಲಿನ ಹಲವು ಹಳ್ಳಿಗಳ ಮಾತು ಕನ್ನಡವೇ. ಈ ಕಡೆ 1963ರಲ್ಲಿ ಮುಗಿದುಹೋದ ಹುದ್ದೆಯ ಒಂದು ಭಾಗ ಆ ಕಡೆ ಇನ್ನೂ ಬದುಕಿದೆ. ಮಹಾರಾಷ್ಟ್ರವು ವಂಶಪಾರಂಪರ್ಯವನ್ನು ತೆಗೆದುಹಾಕಿತಾದರೂ 1967ರ ಗ್ರಾಮ ಪೊಲೀಸ್ ಕಾಯ್ದೆಯಡಿ ಪೊಲೀಸ್ ಪಾಟೀಲನನ್ನು ಉಳಿಸಿಕೊಂಡಿತು. ಈಗ ಅದಕ್ಕೆ ಅರ್ಜಿ ಕರೆಯುತ್ತಾರೆ, ಪರೀಕ್ಷೆ ನಡೆಸುತ್ತಾರೆ; ಮೀಸಲಾತಿಯೂ ಇದೆ, ಮಹಿಳೆಯರೂ ನೇಮಕವಾಗುತ್ತಾರೆ. 2024ರ ಮಾರ್ಚ್‌ನಲ್ಲಿ ಅವರ ಗೌರವಧನವನ್ನು ತಿಂಗಳಿಗೆ 15,000 ರೂಪಾಯಿಗೆ ಏರಿಸಲು ಅಲ್ಲಿನ ಸಂಪುಟ ಒಪ್ಪಿತು. ಅಲ್ಲಿ ಪೊಲೀಸ್ ಪಾಟೀಲರಾಗಲು ಪಾಟೀಲ ಎಂಬ ಅಡ್ಡಹೆಸರು ಇರಬೇಕಾಗಿಲ್ಲ.